ಪುಣ್ಯಕೋಟಿ ಯಾವ ಭಾಷೆಯಲ್ಲಿ ಮಾತಾಡಿತು?

2020ರಲ್ಲಿ ನಾವೆಲ್ಲರೂ ಬಾಗಿಲು ಹಾಕಿಕೊಂಡು ಮನೆಯೊಳಗೆ ಕುಳಿತಿದ್ದ ತಿಂಗಳುಗಳು ತಮಗೆ ನೆನಪಿರಬಹುದು. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಒಂದು ಸಂಜೆ ‘ಪುಣ್ಯಕೋಟಿ’ ಎಂಬ ಕಾರ್ಟೂನ್ ಚಿತ್ರ ಹಾಕಿದ್ದೆವು. ನೋಡುತ್ತಿದ್ದವರು ಎರಡನೇ ತರಗತಿಯ ಮಗಳು ಮತ್ತು ನಮ್ಮ ತಾಯಿ. ಹತ್ತು ನಿಮಿಷ ಕಳೆದಿರಬೇಕು, ಮಗಳು ಅಜ್ಜಿಯ ಕಡೆ ತಿರುಗಿ, “ಅಜ್ಜಿ, ಇದು ನಮ್ಮ ಹಾಡಿನ ಹಸು ತಾನೆ? ಮತ್ತೆ ಯಾಕೆ ಕನ್ನಡ ಮಾತಾಡ್ತಿಲ್ಲ?” ಎಂದು ಕೇಳಿದಳು. “ನಂಗೇನು ಗೊತ್ತು ಪುಟ್ಟಿ? ಟಿ.ವಿ. ಕೆಲಸ ಮಾಡೋನು ನಿಮ್ಮಪ್ಪ, ಅವನ್ನೇ ಕೇಳು” ಎಂದು ನಮ್ಮ ತಾಯಿ ಪ್ರಶ್ನೆಯನ್ನು ನನ್ನ ಕಡೆ ದಾಟಿಸಿದರು.

ಆ ಹೊತ್ತಿಗೆ ನಾನು ಏನೋ ಹೇಳಿ ಜಾರಿಕೊಂಡೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕುತ್ತಾ ಹೋದರೆ ನಮ್ಮ ದೇಶದ ಕಾರ್ಟೂನ್ ಚಿತ್ರಗಳ ಚರಿತ್ರೆಯ ಒಂದು ಭಾಗವೇ ಎದುರಾಗುತ್ತದೆ.

ಮೊದಲು ಚಿತ್ರದ ವಿಷಯ. ಇದರ ಹೆಸರು ಕೇಳದವರೇ ಹೆಚ್ಚು. ಸಾಫ್ಟ್‌ವೇರ್ ಉದ್ಯಮದ ಹಿನ್ನೆಲೆಯಿಂದ ಬಂದ ಬೆಂಗಳೂರಿನ ವಿ. ರವಿಶಂಕರ್ ಇದರ ನಿರ್ದೇಶಕರು. ದೊಡ್ಡ ನಿರ್ಮಾಪಕರ ಹಣವಿಲ್ಲದೆ, ಆಸಕ್ತ ಜನರಿಂದ ಚಂದಾ ಎತ್ತಿ, ಬೇರೆ ಬೇರೆ ಊರುಗಳಲ್ಲಿದ್ದ ಕಲಾವಿದರಿಂದ ಚಿತ್ರ ಬರೆಸಿ, ಹಲವು ವರ್ಷಗಳ ಕಾಲ ತಾಳ್ಮೆಯಿಂದ ಕಟ್ಟಿದ ಚಿತ್ರ ಇದು. ಸಂಗೀತ ಇಳಯರಾಜ ಅವರದು. ದನಿ ಕೊಟ್ಟವರಲ್ಲಿ ನಟಿ ರೇವತಿ ಮತ್ತು ನಟ ರೋಜರ್ ನಾರಾಯಣ್ ಇದ್ದಾರೆ. ಸಂಸ್ಕೃತದಲ್ಲಿ ತಯಾರಾದ ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವೆಂಬ ಹೆಗ್ಗಳಿಕೆ ಇದಕ್ಕಿದೆ. 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಹೌದು, ಅದರಲ್ಲಿ ಪುಣ್ಯಕೋಟಿ ಸಂಸ್ಕೃತ ಮಾತಾಡುತ್ತದೆ. ಸರಳ ಸಂಸ್ಕೃತವೇ, ಕಿವಿಗೆ ಹಿತವಾಗಿಯೇ ಇದೆ. ಆದರೂ ಏಳು ವರ್ಷದ ಕನ್ನಡದ ಮಗುವಿಗೆ ಅದು ಬೇರೆ ಊರಿನ ಹಸು.

ಕಥೆ ಸಂಸ್ಕೃತಕ್ಕೆ ಹೊಸದೇನಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಪದ್ಮಪುರಾಣದಲ್ಲಿ ನಂದಾ ಎಂಬ ಹಸುವಿನ ಕಥೆ ಬರುತ್ತದೆ. ಮರಿಗೆ ಹಾಲೂಡುತ್ತಿದ್ದ ಜಿಂಕೆಗೆ ಬಾಣ ಬಿಟ್ಟ ಪ್ರಭಂಜನನೆಂಬ ರಾಜ ಶಾಪ ಪಡೆದು ಹುಲಿಯಾಗಿರುತ್ತಾನೆ. ನಂದಾ ಅವನ ಕೈಗೆ ಸಿಕ್ಕಿ, ಕರುವಿಗೆ ಹಾಲು ಕೊಟ್ಟು ಬರುತ್ತೇನೆಂದು ಮಾತು ಕೊಟ್ಟು, ಹಾಗೆಯೇ ಮರಳಿ ಬರುತ್ತದೆ. ರಾಜನ ಶಾಪ ಕಳೆಯುತ್ತದೆ. ಆ ಸ್ಥಳದಲ್ಲಿ ಸರಸ್ವತೀ ನದಿಗೆ ನಂದಾ ಎಂಬ ಹೆಸರೂ ಬರುತ್ತದೆ. ಗುಜರಾತಿನ ಕಡೆ ಇದೇ ಹಸು ಬಹುಲಾ ಎಂಬ ಹೆಸರಿನಲ್ಲಿದೆ. ಶ್ರಾವಣದ ಬಹುಳ ಚೌತಿಯಂದು ಅಲ್ಲಿನ ಹೆಂಗಸರು ಅದಕ್ಕಾಗಿ ವ್ರತ ಮಾಡುತ್ತಾರೆ.

ಹಾಗಿದ್ದರೂ ನಮ್ಮ ‘ಗೋವಿನ ಹಾಡು’ ಬೇರೆಯೇ ವಸ್ತು. ನಾವು ಶಾಲೆಯಲ್ಲಿ ಕಲಿತ ಪಾಠದ ಅರ್ಬುದನಿಗೆ ಹಿಂದಿನ ಜನ್ಮದ ಶಾಪವಿಲ್ಲ. ಅವನು ಬರೀ ಹಸಿದ ಹುಲಿ. ಹಸುವಿಗೆ ವರ ಕೊಡಲು ಆಕಾಶದಿಂದ ಯಾರೂ ಇಳಿಯುವುದಿಲ್ಲ. ಹುಲಿ ತನಗೆ ತಾನೇ ನಾಚಿ ಪ್ರಾಣ ಬಿಡುತ್ತದೆ. ಪುರಾಣದವರು ಇಟ್ಟಿದ್ದ ಪವಾಡವನ್ನೆಲ್ಲ ನಮ್ಮ ಹಳ್ಳಿಯ ಕವಿ ತೆಗೆದುಹಾಕಿದ್ದಾನೆ, ಅಥವಾ ತೆಗೆದುಹಾಕಿದ್ದಾಳೆ. ಬರೆದವರು ಹೆಣ್ಣಿರಬಹುದೆಂದು ನನಗೆ ಬಹಳ ಸಲ ಅನ್ನಿಸಿದೆ. ಕರುವನ್ನು ಅಕ್ಕತಂಗಿಯರ ವಶಕ್ಕೆ ಒಪ್ಪಿಸುವ ಆ ಭಾಗವನ್ನು ನಮ್ಮ ತಾಯಿ ಇವತ್ತಿಗೂ ದನಿ ನಡುಗದೆ ಹಾಡಲಾರರು.

ಹಾಡಿನ ದೀರ್ಘ ಪಾಠದ ಕೊನೆಯಲ್ಲಿ ಸಂಕ್ರಾಂತಿಯ ಆಚರಣೆಯ ಪ್ರಸ್ತಾಪವೂ ಬರುತ್ತದೆ. ಹಳೇ ಮೈಸೂರಿನ ಕಡೆ ಸಂಕ್ರಾಂತಿಯೆಂದರೆ ದನಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸುವ ಹಬ್ಬ. ನಾನು ಹುಟ್ಟಿ ಬೆಳೆದ ರಾಜಾಜಿನಗರ ಹುಟ್ಟಿದ್ದು 1949ರಲ್ಲಿ. ಕೇತಮಾರನಹಳ್ಳಿಯಂಥ ಊರುಗಳ ಹೊಲಗದ್ದೆಗಳ ಮೇಲೆ ಬಡಾವಣೆ ಎದ್ದಿತು, ದನಗಳು ಮಾತ್ರ ಕೂಡಲೇ ಹೋಗಲಿಲ್ಲ. ನನ್ನ ಬಾಲ್ಯದಲ್ಲಿ ಹಸುವನ್ನು ಮನೆ ಬಾಗಿಲಿಗೆ ಹೊಡೆದುಕೊಂಡು ಬಂದು ಕಣ್ಣೆದುರೇ ಹಾಲು ಕರೆದುಕೊಡುತ್ತಿದ್ದರು. ಕಾಳಿಂಗ ಗೊಲ್ಲ ಹೆಸರು ಹಿಡಿದು ಕರೆಯುವ ಹಸುಗಳಲ್ಲಿ ನದಿಗಳ ಹೆಸರಿನವೂ ಇವೆಯಲ್ಲವೆ? ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಅದು ತಿರುವುಮುರುವು. ಇಲ್ಲಿ ನದಿಗೇ ಬಸವನ ಹೆಸರು, ವೃಷಭಾವತಿ. ಕೆಂಗೇರಿಯ ಬಳಿ ಅದರ ಸ್ಥಿತಿ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಹೀಗೆ ಬಾಗಿಲಲ್ಲಿ ಹಸು, ಬಾಯಲ್ಲಿ ಹಾಡು ಎರಡೂ ಇದ್ದ ನಾಡಿನಲ್ಲಿ, ಆ ಹಸು ಚಿತ್ರವಾಗಿ ಚಲಿಸಲು 2020ರವರೆಗೆ ಏಕೆ ಕಾಯಬೇಕಾಯಿತು? ಜೀವಂತ ಹಸು ಸಿನಿಮಾಕ್ಕೆ ಮೊದಲೇ ಬಂದಿತ್ತು. ಎಸ್.ಎಲ್. ಭೈರಪ್ಪನವರ ಕಾದಂಬರಿ ಆಧರಿಸಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು 1977ರಲ್ಲಿ ‘ತಬ್ಬಲಿಯು ನೀನಾದೆ ಮಗನೆ’ ತೆಗೆದರು. ಆದರೆ ಅದು ದೊಡ್ಡವರ ಚಿತ್ರ. ಮಕ್ಕಳಿಗಾಗಿ ಬರೆದ, ಚಲಿಸುವ ಹಸು ಬರಲಿಲ್ಲ. ಮೊದಲ ಕಾರಣ ಲೆಕ್ಕದ್ದು.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು. ನಮ್ಮ ಟೆಲಿವಿಷನ್ ಪದ್ಧತಿಯಲ್ಲಿ 25. ಒಂದೊಂದು ಚಿತ್ರವನ್ನು ಎರಡೆರಡು ಸಲ ತೋರಿಸಿದರೂ ಕಣ್ಣಿಗೆ ಮೋಸವಾಗುತ್ತದೆ. ನಾವು ಬಿ.ಎಸ್ಸಿ. ಓದುವಾಗ ಇದಕ್ಕೆ ದೃಷ್ಟಿಸಾತತ್ಯ ಕಾರಣವೆಂದು ಪುಸ್ತಕದಲ್ಲಿತ್ತು. ಅದು ಪೂರ್ತಿ ಸರಿಯಲ್ಲ. ಬಿಡಿ ಚಿತ್ರಗಳ ನಡುವೆ ಚಲನೆಯನ್ನು ಹೊಲಿಯುವುದು ಮಿದುಳು. ಮ್ಯಾಕ್ಸ್ ವರ್ತೈಮರ್ ಎಂಬ ಮನೋವಿಜ್ಞಾನಿ 1912ರಲ್ಲೇ ಇದನ್ನು ಕುರಿತು ಬರೆದಿದ್ದ.

ಇನ್ನು ಪ್ರಾಣಿಯ ವಿಷಯಕ್ಕೆ ಬಂದರೆ ಕಷ್ಟ ಇಮ್ಮಡಿ. ಹಸು ನಡೆಯುವುದನ್ನು ಗಮನಿಸಿ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಈ ಕ್ರಮದಲ್ಲಿ ಒಂದು ತಪ್ಪಿದರೂ ಹಸು ಮರದ ಗೊಂಬೆಯಾಗುತ್ತದೆ. ಜೊತೆಗೆ ಗಂಗೆದೊಗಲು ತೂಗಬೇಕು, ಬಾಲ ಬೀಸಬೇಕು, ತಲೆ ಹೆಜ್ಜೆಗೊಮ್ಮೆ ಬಾಗಬೇಕು. ಓಡುವ ಕುದುರೆಯ ನಾಲ್ಕು ಕಾಲೂ ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬುದೇ 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲು ಸಾಲು ಕ್ಯಾಮೆರಾ ಇಟ್ಟು ತೋರಿಸುವವರೆಗೆ ಜನಕ್ಕೆ ಖಚಿತವಿರಲಿಲ್ಲ. ವಾಲ್ಟ್ ಡಿಸ್ನಿ ‘ಬ್ಯಾಂಬಿ’ ಮಾಡುವಾಗ ಕಲಾವಿದರು ನೋಡಿ ಬರೆಯಲೆಂದು ಜಿಂಕೆಮರಿಗಳನ್ನೇ ಸ್ಟುಡಿಯೊಗೆ ತರಿಸಿದ್ದ.

ಆ ‘ಬ್ಯಾಂಬಿ’ಯಲ್ಲಿ ದುಡಿದವರಲ್ಲಿ ಕ್ಲೇರ್ ವೀಕ್ಸ್ ಒಬ್ಬರು. ಭಾರತದಲ್ಲೇ ಹುಟ್ಟಿದ ಮಿಷನರಿ ಮನೆತನದ ಮಗ. 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಷನ್ ಕಾರ್ಟೂನ್ ಘಟಕ ತೆರೆದಾಗ, ಅಮೆರಿಕದ ತಾಂತ್ರಿಕ ನೆರವಿನ ಯೋಜನೆಯಲ್ಲಿ ಅವರು ಬಂದು ಇಲ್ಲಿನ ಹುಡುಗರಿಗೆ ಪಾಠ ಹೇಳಿದರು. ಪಾಠದ ಫಲವಾಗಿ 1957ರಲ್ಲಿ ‘ದಿ ಬನ್ಯನ್ ಡೀರ್’ ಎಂಬ ಕಿರುಚಿತ್ರ ಬಂತು. ನ್ಯಗ್ರೋಧಮೃಗ ಜಾತಕದ ಕಥೆ. ಬಸುರಿ ಜಿಂಕೆಯ ಸರದಿ ಬಂದಾಗ ಆಲದ ಜಿಂಕೆಗಳ ಒಡೆಯ ಅದರ ಬದಲು ತಾನೇ ವಧಾಸ್ಥಾನದಲ್ಲಿ ತಲೆಯಿಟ್ಟು ಮಲಗುತ್ತಾನೆ, ಕಾಶಿಯ ರಾಜನ ಮನಸ್ಸು ಕರಗುತ್ತದೆ. ಅಜಂತಾ ಭಿತ್ತಿಚಿತ್ರಗಳ ಗೆರೆ, ಡಿಸ್ನಿಯ ನಡಿಗೆ, ಎರಡೂ ಅದರಲ್ಲಿ ಬೆರೆತಿವೆ. ಪುಣ್ಯಕೋಟಿಯನ್ನು ಬಲ್ಲವರಿಗೆ ಈ ಜಿಂಕೆ ಅಪರಿಚಿತವಲ್ಲ. ಎರಡು ಕಡೆಯೂ ತಿನ್ನಲು ಬಂದವನು, ತಿನ್ನಿಸಿಕೊಳ್ಳಲು ತಾನಾಗಿ ನಿಂತ ಪ್ರಾಣಿಯ ಮುಂದೆ ಸೋಲುತ್ತಾನೆ.

ಆ ಘಟಕದಲ್ಲಿ ಕಲಿತ ಹುಡುಗರಲ್ಲಿ ರಾಮ್ ಮೋಹನ್ ಒಬ್ಬರು. ಮದರಾಸು ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ಪದವೀಧರ. ವಿಜ್ಞಾನ ಓದಿ ದಾರಿ ತಪ್ಪಿದವನು ನಾನೊಬ್ಬನೇ ಅಲ್ಲ ಎಂಬ ಸಮಾಧಾನ ನನಗೆ ಅವರಿಂದ ಸಿಕ್ಕಿದೆ. ಮುಂದೆ ಅವರೇ ಭಾರತೀಯ ಅನಿಮೇಷನ್ನಿನ ಹಿರಿಯಣ್ಣನೆನಿಸಿದರು. 2014ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ತೀರಿಕೊಂಡರು. ಫಿಲ್ಮ್ಸ್ ಡಿವಿಷನ್ ಕೂಡ 2022ರಲ್ಲಿ ಎನ್‌ಎಫ್‌ಡಿಸಿಯೊಳಗೆ ವಿಲೀನವಾಯಿತು.

ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ನನ್ನ ತಲೆಮಾರಿನವರು ಸಣ್ಣ ಪರದೆಯ ಮೇಲೆ ಕಂಡ ಪ್ರಾಣಿಪಕ್ಷಿಗಳೆಲ್ಲ ಹಿಂದಿಯವೇ. ವಿಜಯಾ ಮುಳೆ ನಿರ್ದೇಶಿಸಿದ, ಭೀಮಸೇನ್ ಅವರ ಚಿತ್ರಗಳಿದ್ದ 1974ರ ‘ಏಕ್ ಅನೇಕ್ ಔರ್ ಏಕ್ತಾ’ದಲ್ಲಿ ಹಕ್ಕಿಗಳು ಬಲೆಯನ್ನೇ ಹೊತ್ತು ಹಾರುತ್ತಿದ್ದವು. ಪಂಚತಂತ್ರ ಹಿತೋಪದೇಶಗಳ ಜಾತಿಯ ಕಥೆ. ದುರ್ಗಸಿಂಹ 11ನೇ ಶತಮಾನದಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದ, ಟಿ.ವಿ.ಯ ಹಕ್ಕಿಗಳಿಗೆ ಅದು ಗೊತ್ತಿರಲಿಲ್ಲ. 1993ರಲ್ಲಿ ಮೋಗ್ಲಿ ಬಂದ. ಜಪಾನಿನ ನಿಪ್ಪಾನ್ ಅನಿಮೇಷನ್‌ನವರು ಮಾಡಿದ 52 ಕಂತುಗಳ ಧಾರಾವಾಹಿ. ಭಾನುವಾರ ಬೆಳಿಗ್ಗೆ ಆ ಹೊತ್ತಿಗೆ ರಾಜಾಜಿನಗರದ ನಮ್ಮ ಬೀದಿಯಲ್ಲಿ ಒಂದು ಮಗು ಕಾಣುತ್ತಿರಲಿಲ್ಲ. ಹಿಂದಿ ಅರ್ಧಂಬರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ನಾವೇ ಕಲ್ಪಿಸಿಕೊಳ್ಳುತ್ತಿದ್ದೆವು. ಮೋಗ್ಲಿ ನಮ್ಮವನೇ ಎಂದು ವಾದಿಸಲು ಆಗ ನನಗೊಂದು ವಿಷಯ ಗೊತ್ತಿರಲಿಲ್ಲ: 1942ರ ಇಂಗ್ಲಿಷ್ ಚಿತ್ರದಲ್ಲಿ ಮೋಗ್ಲಿಯಾಗಿದ್ದ ಸಾಬು, ಮೈಸೂರು ಸಂಸ್ಥಾನದ ಕಾರಾಪುರದ ಮಾವುತನ ಮಗ.

ಜಪಾನಿ ಹುಡುಗ ಹಿಂದಿ ಮಾತಾಡಬಹುದಾದರೆ ಕನ್ನಡ ಏಕೆ ಮಾತಾಡಲಿಲ್ಲ? ಇಲ್ಲಿ ಎರಡನೆಯ ಕಾರಣ ಬರುತ್ತದೆ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಮದರಾಸಿನ ಸ್ಟುಡಿಯೊಗಳ ನೆರಳಲ್ಲಿತ್ತು. ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡದ ದನಿ ಅಂಟಿಸಿ ಬಿಡುಗಡೆ ಮಾಡುವುದು ಅಗ್ಗವಾಗಿತ್ತು. ಹೀಗಾದರೆ ಕನ್ನಡದ ಕಲಾವಿದರು, ತಂತ್ರಜ್ಞರು ಎಲ್ಲಿಗೆ ಹೋಗಬೇಕು ಎಂದು ಅನಕೃ, ರಾಜಕುಮಾರ್ ಮೊದಲಾದವರು ಡಬ್ಬಿಂಗಿಗೆ ವಿರೋಧವಾಗಿ ನಿಂತರು. ಅದು ಕಾನೂನಾಗಿರಲಿಲ್ಲ, ಉದ್ಯಮದೊಳಗಿನ ಕಟ್ಟುಪಾಡು. ಅದರ ಆಸರೆಯಲ್ಲೇ ಕನ್ನಡ ಚಿತ್ರರಂಗ ಬೇರು ಬಿಟ್ಟಿತೆಂದು ನಾನು ನಂಬುತ್ತೇನೆ. ಹಿರಿಯರ ನಿಲುವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ.

ಆದರೆ ಅದೇ ಕಟ್ಟುಪಾಡು ಮಕ್ಕಳ ಕಾರ್ಟೂನಿಗೂ ಅನ್ವಯಿಸಿತು. ತಾಂತ್ರಿಕವಾಗಿ ನೋಡಿದರೆ ಇದು ವಿಚಿತ್ರ. ರಾಜಕುಮಾರ್ ಅವರ ಮುಖಕ್ಕೆ ಬೇರೆಯವರ ದನಿ ಹಾಕಿದರೆ ಏನೋ ಕಳೆದುಹೋಗುತ್ತದೆ, ನಿಜ. ಕಾಗದದ ಮೇಲಿನ ಕರಡಿಗೆ ಸ್ವಂತ ದನಿ ಎಲ್ಲಿಂದ ಬಂತು? ಅಮೆರಿಕದವರು ದನಿಯನ್ನು ಮೊದಲೇ ಮುದ್ರಿಸಿಕೊಂಡು ಅದಕ್ಕೆ ತಕ್ಕಂತೆ ಬಾಯಿ ಬರೆಯುತ್ತಾರೆ. ಜಪಾನಿನವರು ಸಾಮಾನ್ಯವಾಗಿ ಚಿತ್ರ ಮುಗಿಸಿ ಆಮೇಲೆ ದನಿ ಕೂಡಿಸುತ್ತಾರೆ. ಎರಡರಲ್ಲೂ ಅದು ಯಾರೋ ಕೊಟ್ಟ ದನಿಯೇ. ಕನ್ನಡದವರು ಕೊಟ್ಟಿದ್ದರೆ ನಮ್ಮ ರಂಗಭೂಮಿಯ ನಾಲ್ಕು ಜನಕ್ಕೆ ಕೆಲಸವೂ ಸಿಗುತ್ತಿತ್ತು.

ಬೇರೆಯವರ ಪ್ರಾಣಿ ಬೇಡವೆಂದರೆ ನಮ್ಮದನ್ನಾದರೂ ಬರೆಯೋಣ ಎಂಬ ಹುಮ್ಮಸ್ಸು, ಕೆಲಸಕ್ಕೆ ಸೇರಿದ ಹೊಸತರಲ್ಲಿ, ನನಗೂ ಬಂದಿತ್ತು. 2006ರ ಸುಮಾರು. ಗೋವಿನ ಹಾಡಿಗೆ ಹತ್ತು ನಿಮಿಷದ ಕಾರ್ಟೂನ್. ಲೆಕ್ಕ ಹಾಕಿದೆ: 600 ಸೆಕೆಂಡು, 15,000 ಚೌಕಟ್ಟು. ಅರ್ಧಕ್ಕಿಳಿಸಿದರೂ 7,500 ಚಿತ್ರ. ದಿನಕ್ಕೆ 20 ಬರೆದರೂ ಒಬ್ಬ ಕಲಾವಿದನಿಗೆ 375 ದಿನ. ಅದರ ಮೇಲೆ ಬಣ್ಣ, ಹಿನ್ನೆಲೆ, ಸಂಗೀತ. ಆಗ ನಾನಿದ್ದ ಕಡೆಯ ಹಿರಿಯರೊಬ್ಬರು ಕಾಗದವನ್ನು ಓದಿ, ಕನ್ನಡಕ ತೆಗೆದು, “ಏನಪ್ಪಾ, ಹಸು ಬೇಕಾದ್ರೆ ಕೆಂಗೇರೀಲಿ ಸಿಗುತ್ತಲ್ಲ? ಕ್ಯಾಮೆರಾ ತೊಗೊಂಡು ಹೋಗು” ಎಂದರು.

ಹೋದೆವು. ಹಸು ಒಳ್ಳೆಯದೇ. ಕರುವನ್ನು ಬಿಟ್ಟು ಹೋಗುವ ದೃಶ್ಯಕ್ಕೆ ಅದು ಸುತಾರಾಂ ಒಪ್ಪಲಿಲ್ಲ. ಮೂರು ಸಲ ಎಳೆದರೆ ಮೂರು ಸಲವೂ ಕರುವಿನ ಹತ್ತಿರ ಓಡಿಬಂತು. ಹುಲಿಗೆ ನವರಾತ್ರಿಯ ಹುಲಿವೇಷದವರೊಬ್ಬರನ್ನು ಕರೆಸಿದ್ದೆವು. ಅವರನ್ನು ಕಂಡು ಹಸು ಹೆದರುವ ಬದಲು ಅವರ ಮೈಬಣ್ಣ ನೆಕ್ಕಲು ಹೋಯಿತು. ಶಾಲಾ ಬಾಲಕಿಯೊಬ್ಬಳು ಬಹಳ ಚೆನ್ನಾಗಿ ಹಾಡಿದ್ದರಿಂದ ಕಾರ್ಯಕ್ರಮ ಹೇಗೋ ಉಳಿಯಿತು. ಆ ಟೇಪು ಈಗಿಲ್ಲ, ಅದರ ಮೇಲೆ ಬೇರೇನೋ ಮುದ್ರಣವಾಯಿತು. ಜೀವಂತ ಹಸು ಮಾಡಲು ಒಪ್ಪದ್ದನ್ನು ಬರೆದ ಹಸು ಮಾಡುತ್ತದೆ, ಅದಕ್ಕೇ ಬರೆಯಬೇಕಾದದ್ದು ಎಂಬ ಮಾತನ್ನು ಆ ಹಿರಿಯರಿಗೆ ಹೇಳಲು ನನಗೆ ಹೊಳೆದದ್ದು ವರ್ಷಗಳ ನಂತರ.

ಅಷ್ಟರಲ್ಲಿ ಊರು ಬದಲಾಗುತ್ತಿತ್ತು. 2009ರಲ್ಲಿ ಸನ್ ಸಮೂಹದವರು ಚಿಂಟು ಟಿ.ವಿ. ಎಂಬ ಕನ್ನಡ ಮಕ್ಕಳ ವಾಹಿನಿ ಆರಂಭಿಸಿದರು. ಅವರದೇ ತಮಿಳಿನ ಚುಟ್ಟಿ ಟಿ.ವಿ. ಎರಡು ವರ್ಷ ಮೊದಲೇ ಬಂದಿತ್ತು. ಕಾರ್ಟೂನುಗಳು ಕೊನೆಗೂ ಮನೆಗಳಲ್ಲಿ ಕನ್ನಡ ಮಾತಾಡತೊಡಗಿದವು. ಡಬ್ಬಿಂಗನ್ನು ತಡೆಯುವುದು ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟಿತು. ಇನ್ನೊಂದು ಕಡೆ, ಅನಿಮೇಷನ್, ದೃಶ್ಯ ಪರಿಣಾಮ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ ನೀತಿಯೊಂದನ್ನು 2012ರಲ್ಲಿ ತಂದ ದೇಶದ ಮೊದಲ ರಾಜ್ಯ ನಮ್ಮದು. ಬೆಂಗಳೂರಿನಲ್ಲಿ ಸಾವಿರಾರು ಹುಡುಗ ಹುಡುಗಿಯರು ಗಣಕಯಂತ್ರದ ಮುಂದೆ ಕುಳಿತು ಹಗಲಿರುಳು ಪ್ರಾಣಿಗಳನ್ನು ನಡೆಸತೊಡಗಿದರು. ಆದರೆ ಆ ಪ್ರಾಣಿಗಳು ಯಾರವು?

ಒಂದೇ ಉದಾಹರಣೆ ಸಾಕು. 2016ರಲ್ಲಿ ಡಿಸ್ನಿಯವರ ಹೊಸ ‘ಜಂಗಲ್ ಬುಕ್’ ಬಂತು. ಮೋಗ್ಲಿಯೊಬ್ಬನನ್ನು ಬಿಟ್ಟು ಉಳಿದದ್ದೆಲ್ಲ ಗಣಕದಲ್ಲಿ ಹುಟ್ಟಿದ್ದು. ದೃಶ್ಯ ಪರಿಣಾಮಕ್ಕೆ ಆಸ್ಕರ್ ಪಡೆದ ಆ ಕೆಲಸದ ಒಂದು ಪಾಲನ್ನು ಎಂಪಿಸಿ ಸಂಸ್ಥೆಯ ಬೆಂಗಳೂರು ಶಾಖೆಯ ಕಲಾವಿದರು ಮಾಡಿದ್ದರು. ಚಿತ್ರ ಬೆಂಗಳೂರಿನ ಚಿತ್ರಮಂದಿರಗಳಿಗೂ ಬಂತು. ಇಂಡಿಯಾದಲ್ಲಿ ಅದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಈ ನಾಲ್ಕು ಭಾಷೆಗಳಲ್ಲಿ ಬಿಡುಗಡೆಯಾಗಿತ್ತು. ಇದೇ ಊರಿನಲ್ಲಿ ಕೂದಲು ಕೂದಲಾಗಿ ರೂಪುಗೊಂಡ ಪ್ರಾಣಿಗಳು ಈ ಊರಿನ ಭಾಷೆಯನ್ನು ಬಿಟ್ಟು ನಾಲ್ಕು ಭಾಷೆ ಮಾತಾಡಿದವು. ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರುವರಿಯಲ್ಲಿ ಕುಸಿದು ಬಿದ್ದಾಗ ಬೆಂಗಳೂರಿನಲ್ಲೂ ಬಾಗಿಲು ಮುಚ್ಚಿತು. ಅಲ್ಲಿ ದುಡಿಯುತ್ತಿದ್ದ ಸಾವಿರಾರು ಜನ ಒಮ್ಮೆಗೇ ಕೆಲಸ ಕಳೆದುಕೊಂಡರು. ಹುಲಿ ನಡೆಸಬಲ್ಲ ಅಷ್ಟು ಕೈಗಳು ಈ ಊರಿನಲ್ಲಿದ್ದವು, ಅರ್ಬುದನನ್ನು ನಡೆಸಿ ಎಂದು ಅವರನ್ನು ಕೇಳುವ ಹಣವಂತರು ಇರಲಿಲ್ಲ.

ಈ ಹಿನ್ನೆಲೆಯಲ್ಲಿ ರವಿಶಂಕರ್ ಅವರ ಸಾಹಸವನ್ನು ನೋಡಬೇಕು. ದೊಡ್ಡ ಸ್ಟುಡಿಯೊಗಳ ಊರಿನಲ್ಲಿ, ದೊಡ್ಡ ಸ್ಟುಡಿಯೊದ ಹಂಗಿಲ್ಲದೆ, ಹಂಚಿಹೋದ ಕೈಗಳಿಂದ ಒಂದು ಹಸುವನ್ನು ನಡೆಸಿದರು. ಅದರ ನಡಿಗೆಯಲ್ಲಿ ಅಲ್ಲಲ್ಲಿ ಬಿಗಿತವಿದೆ, ದುಡ್ಡಿನ ಅಭಾವ ಕಾಣುತ್ತದೆ. ಅದನ್ನು ‘ಜಂಗಲ್ ಬುಕ್’ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಲ್ಲ. ಸಂಸ್ಕೃತವನ್ನು ಆರಿಸಿಕೊಂಡದ್ದಕ್ಕೂ ನಮ್ಮಲ್ಲೊಂದು ಪರಂಪರೆಯಿದೆ. ಸಂಸ್ಕೃತದ ಮೊದಲ ಚಲನಚಿತ್ರ, 1983ರ ‘ಆದಿ ಶಂಕರಾಚಾರ್ಯ’, ಕನ್ನಡಿಗರೇ ಆದ ಜಿ.ವಿ. ಅಯ್ಯರ್ ಅವರದು. ಅದಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ಆದರೆ ಶಂಕರರು ಸಂಸ್ಕೃತ ಮಾತಾಡಿದರೆ ಯಾರೂ ಬೆರಗಾಗುವುದಿಲ್ಲ. ಪುಣ್ಯಕೋಟಿ ಎಂಬ ಹೆಸರು, ಕಾಳಿಂಗನ ದೊಡ್ಡಿ, ಆ ಮಟ್ಟು ಇವೆಲ್ಲ ನಮಗೆ ಕನ್ನಡದಲ್ಲಿ ದಕ್ಕಿದವು. ಚಿತ್ರವನ್ನು ನಾನು ಮೆಚ್ಚಿದೆ. ಮಗಳ ತಕರಾರನ್ನೂ ತಳ್ಳಿಹಾಕಲಾರೆ.

ಅದೇ 2020ರ ಬೇಸಗೆಯಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಧಾರಾವಾಹಿಗಳ ಚಿತ್ರೀಕರಣ ನಿಂತು ವಾಹಿನಿಗಳು ಬರಿದಾಗಿದ್ದಾಗ ಹಿಂದಿಯ ‘ಮಹಾಭಾರತ’ ಕನ್ನಡದ ದನಿ ಪಡೆದು ಸ್ಟಾರ್ ಸುವರ್ಣದಲ್ಲಿ ಬಂತು, ಮನೆಮನೆಯಲ್ಲಿ ಗೆದ್ದಿತು. ಹೀಗೆ ಹಸ್ತಿನಾವತಿಯವರು ಕನ್ನಡ ಮಾತಾಡುತ್ತಿದ್ದ ದಿನಗಳಲ್ಲಿ ಕರ್ನಾಟಕದ ಹಸು ಸಂಸ್ಕೃತ ಮಾತಾಡುತ್ತಿತ್ತು. 2025ರ ಜುಲೈನಲ್ಲಿ ಅಶ್ವಿನ್ ಕುಮಾರ್ ನಿರ್ದೇಶನದ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರವನ್ನು ಬೆಂಗಳೂರಿನ ಹೊಂಬಾಳೆ ಸಂಸ್ಥೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತೆರೆಗೆ ತಂದಿತು. ಜನ ಮಕ್ಕಳನ್ನು ಕಟ್ಟಿಕೊಂಡು ಚಿತ್ರಮಂದಿರಕ್ಕೆ ನುಗ್ಗಿದರು. ಅಲ್ಲಿಗೆ ಅರ್ಧ ಪ್ರಾಣಿಯಾದರೂ ದೊಡ್ಡ ಪರದೆಯಲ್ಲಿ ಕನ್ನಡ ನುಡಿಯಿತೆನ್ನಬಹುದು.

ಆ ಸಂಜೆಯ ಮಾತು ಬಾಕಿ ಉಳಿಯಿತು. ನಾನು ಉತ್ತರಕ್ಕೆ ತಡಕಾಡುತ್ತಿದ್ದಾಗ ನಮ್ಮ ತಾಯಿ ಮೊಮ್ಮಗಳ ಕೈಯಿಂದ ರಿಮೋಟ್ ತೆಗೆದುಕೊಂಡು ಟಿ.ವಿ.ಯ ಸದ್ದು ಅಡಗಿಸಿದರು. ಇಳಯರಾಜ ಅವರ ಕ್ಷಮೆ ಕೋರುತ್ತೇನೆ. ಪರದೆಯ ಮೇಲೆ ಹಸು ನಡೆಯುತ್ತಿತ್ತು. ಸೋಫಾದ ಮೇಲೆ ಕಾಲು ಮಡಚಿ ಕುಳಿತು ಅವರು ಹಾಡಲು ಶುರುಮಾಡಿದರು, ಮಗಳು ಗೊತ್ತಿದ್ದಷ್ಟು ದನಿ ಸೇರಿಸಿದಳು. ಹಾಡಿಗಿಂತ ಚಿತ್ರ ಎಷ್ಟೋ ಪಾಲು ಉದ್ದ. ಇವರ ಹುಲಿ ಸತ್ತು ಕರು ಹಾಲು ಕುಡಿದು ಮುಗಿದಾಗ, ಪರದೆಯ ಹಸು ಇನ್ನೂ ಹುಲಿಯ ಮುಖವನ್ನೇ ಕಂಡಿರಲಿಲ್ಲ. “ಇರು, ಇನ್ನೊಂದ್ಸಲ ಹೇಳೋಣ” ಎಂದು ನಮ್ಮ ತಾಯಿ ಮೊದಲಿನಿಂದ ಹಿಡಿದರು.